ಗುರುವಿನ ಚಂದ್ರನಲ್ಲೊಂದು ತಾಳಮದ್ದಳೆ: ನನ್ನ ಅನುಭವ

ಮೇ ಕೊನೆಯ ವಾರದ ಪತ್ತನಾಜೆಯಂದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕರಾವಳಿಯ ರಾತ್ರಿಗಳಿಗೆ ಬಿಡುವು ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲದ ಕಾರಣ ಮೀನುದೋಣಿಗಳು ನಿಲ್ಲುವ ಧಕ್ಕೆಯ ಗದ್ದಲವೂ ತಣ್ಣಗಾಗುತ್ತದೆ. ಆ ಎರಡು ತಿಂಗಳ ಶನಿವಾರಗಳಲ್ಲಿ ಮಂಗಳೂರಿನ ಉರ್ವದ ಒಂದು ಹಳೆಯ ಹಂಚಿನ ಮನೆಯ ಮಾಳಿಗೆಯಲ್ಲಿ ನಾವು ಐವರು ಚಾಪೆ ಹಾಸಿ ಕುಳಿತು, ವೈಜ್ಞಾನಿಕ ಕಥೆಯೊಂದನ್ನು ಪಾತ್ರಗಳಾಗಿ ಆಡುತ್ತೇವೆ, ಅದೂ ಕನ್ನಡದಲ್ಲಿ. ಮೂರು ಮಳೆಗಾಲ ಹೀಗೆ ಕಳೆದಿವೆ. ನಾನು ಆಟ ನಡೆಸಿದ ಬಗೆಯನ್ನು, ತಪ್ಪಿದ್ದೆಲ್ಲಿ ಎಂಬುದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ಈ ಹವ್ಯಾಸಕ್ಕೆ ನಾನು ಬಂದದ್ದು ಇಸ್ಪೀಟಿನಂತೆ ಕೈಯಲ್ಲಿ ಹಿಡಿದಾಡುವ ಟ್ರೇಡಿಂಗ್ ಕಾರ್ಡುಗಳ ಮೂಲಕ. ರಿಚರ್ಡ್ ಗಾರ್ಫೀಲ್ಡ್ 1993ರಲ್ಲಿ ರೂಪಿಸಿದ ಮ್ಯಾಜಿಕ್ ಆಟದಲ್ಲಿ ಪ್ರತಿ ಆಟಗಾರನೂ ಸಾಮಾನ್ಯವಾಗಿ 60 ಕಾರ್ಡುಗಳ ಕಟ್ಟನ್ನು ತಾನೇ ಆಯ್ದು ತರಬೇಕು, ಮತ್ತು ಕೆಲವು ಮೂಲ ಕಾರ್ಡುಗಳನ್ನು ಬಿಟ್ಟರೆ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚು ಇರಬಾರದು. ಆ ಅರವತ್ತನ್ನು ಆರಿಸುವುದರಲ್ಲಿಯೇ ಅರ್ಧ ಆಟದ ಸುಖವಿದೆ. ಆದರೆ ಅದು ಬಹುಮಟ್ಟಿಗೆ ಇಬ್ಬರ ಆಟವಾದುದರಿಂದ ಐದು ಜನ ಸೇರಿದಾಗ ಮೂವರು ನೋಡುತ್ತ ಕುಳಿತಿರಬೇಕಾಗುತ್ತಿತ್ತು. ಎಲ್ಲರೂ ಒಟ್ಟಿಗೆ ಆಡುವಂಥದ್ದನ್ನು ಹುಡುಕುತ್ತ ನಾನು ಪಾತ್ರಗಳ ಆಟಕ್ಕೆ ಬಂದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಪ್ರಕಟವಾದಂದಿನಿಂದ ಇದರ ಮೂಲ ಏರ್ಪಾಡು ಹೆಚ್ಚು ಬದಲಾಗಿಲ್ಲ: ಒಬ್ಬರು ಸನ್ನಿವೇಶವನ್ನು ವಿವರಿಸುತ್ತಾರೆ, ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ, ಫಲ ಅನುಮಾನವಿದ್ದಲ್ಲಿ ದಾಳ ಉರುಳುತ್ತದೆ.

ಮೊದಲ ವರ್ಷ ನಾನು ಹದಿನೆಂಟು ಪುಟಗಳ ಕಥೆಯನ್ನು ಆರಂಭದಿಂದ ಅಂತ್ಯದವರೆಗೆ ಬರೆದುಕೊಂಡು ಕುಳಿತೆ. ನಿಯಮಗಳು ಇಂಗ್ಲಿಷಿನಲ್ಲಿದ್ದುದರಿಂದ ಮಾತೂ ಇಂಗ್ಲಿಷಿಗೇ ಹೊರಳುತ್ತಿತ್ತು. ನಾನು ಓದುತ್ತಿದ್ದೆ, ಅವರು ಕೇಳುತ್ತಿದ್ದರು, ನಡುನಡುವೆ ದಾಳ ಹಾಕುತ್ತಿದ್ದರು. ನಮ್ಮ ತಂಡದಲ್ಲಿ ನಿವೃತ್ತ ಶಾಲಾ ಶಿಕ್ಷಕರೊಬ್ಬರಿದ್ದಾರೆ, ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿಗಳು. ಮೂರನೆಯ ಶನಿವಾರ ಮಾಸ್ಟ್ರು ದಾಳವನ್ನು ಕೆಳಗಿಟ್ಟು, "ಪದವನ್ನೂ ನೀವೇ ಹೇಳಿ ಅರ್ಥವನ್ನೂ ನೀವೇ ಹೇಳಿದರೆ ನಾವು ಇಲ್ಲಿ ಕೂತದ್ದು ಯಾಕೆ ಮಾರಾಯ್ರೆ?" ಎಂದು ಕೇಳಿದರು. ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ. ಉತ್ತರ ಮಾತ್ರ ನನ್ನಲ್ಲಿರಲಿಲ್ಲ.

ತಾಳಮದ್ದಳೆಯಲ್ಲಿ ಭಾಗವತರು ಪ್ರಸಂಗದ ಪದವನ್ನು ಹಾಡಿ ನಿಲ್ಲಿಸುತ್ತಾರೆ. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಂದಲೇ ಅರ್ಥಧಾರಿ ಆ ನಾಲ್ಕು ಸಾಲುಗಳನ್ನು ಹಿಡಿದು ಅರ್ಧ ಗಂಟೆಯ ಮಾತನ್ನು ಕಟ್ಟುತ್ತಾನೆ, ಎದುರು ಕುಳಿತವನು ಅದನ್ನು ಖಂಡಿಸುತ್ತಾನೆ, ಮತ್ತು ಇದಾವುದೂ ಮೊದಲೇ ಬರೆದಿಟ್ಟ ಮಾತಲ್ಲ. ಚಿಕ್ಕಂದಿನಿಂದ ಕೇಳಿ ಬೆಳೆದ ಕಲೆಯ ಈ ಗುಟ್ಟು ನನ್ನ ಆಟಕ್ಕೂ ಬೇಕಾದದ್ದೆಂದು ನನಗೆ ಹೊಳೆದಿರಲಿಲ್ಲ. ಒಂದು ವ್ಯತ್ಯಾಸವಂತೂ ಇದೆ. ಪ್ರಸಂಗದಲ್ಲಿ ಕರ್ಣ ಸಾಯಲೇಬೇಕು, ಅದು ಸಭೆಗೂ ಗೊತ್ತು. ನಮ್ಮ ಆಟದಲ್ಲಿ ಅಂತ್ಯ ಯಾರಿಗೂ ಗೊತ್ತಿರಬಾರದು, ನಡೆಸುವವನಿಗೆ ಎಲ್ಲರಿಗಿಂತ ಮೊದಲು ಗೊತ್ತಿರಬಾರದು.

ಎರಡನೆಯ ವರ್ಷದಿಂದ ನನ್ನ ತಯಾರಿ ಒಂದೇ ಪುಟಕ್ಕೆ ಇಳಿಯಿತು. ಅದರಲ್ಲಿ ಒಂದು ಸ್ಥಳದ ವಿವರ, ಅಲ್ಲಿರುವ ಮೂವರು ಮತ್ತು ಪ್ರತಿಯೊಬ್ಬರಿಗೂ ಬೇಕಾಗಿರುವುದೇನು ಎಂಬ ಟಿಪ್ಪಣಿ, ಕೊನೆಗೆ ಯಾರೂ ಏನೂ ಮಾಡದಿದ್ದರೆ ಬೆಳಗಾಗುವುದರೊಳಗೆ ಏನಾಗುತ್ತದೆ ಎಂಬ ಒಂದು ಸಾಲು, ಇಷ್ಟೇ ಇರುತ್ತದೆ. ಆಟ ಶುರುವಾಗುವ ಮೊದಲು ಪ್ರತಿಯೊಬ್ಬರೂ ಪೀಠಿಕೆ ಹೇಳಬೇಕೆಂಬ ಕ್ರಮವನ್ನೂ ತಂದೆ: ತಾನು ಯಾರು, ಇವತ್ತು ತನ್ನ ಮನಸ್ಸನ್ನು ಕೊರೆಯುತ್ತಿರುವುದೇನು ಎಂದು ಪಾತ್ರವೇ ಮಾತಾಡಬೇಕು. ಮಾತು ಬರುವುದಿಲ್ಲವೆಂದು ಹಿಂಜರಿಯುತ್ತಿದ್ದವರು ಮೂರು ವಾರಗಳಲ್ಲಿ ಸರಾಗವಾದರು. ನಮ್ಮಲ್ಲಿ ಮನೆಮಾತು ಒಬ್ಬರದು ತುಳು, ಒಬ್ಬರದು ಕೊಂಕಣಿ, ಇನ್ನೊಬ್ಬರದು ಬ್ಯಾರಿ. ಎಲ್ಲರನ್ನೂ ಹೊಂದಿಸಿಕೊಂಡದ್ದು ಕನ್ನಡ. ಪಾತ್ರದ ವಿವರಗಳಿರುವ ಹಾಳೆಗೆ ನಾವು ಜಾತಕ ಎನ್ನುತ್ತೇವೆ, ದಾಳಕ್ಕೆ ಕೂಡಿಸುವ ಅಂಕಕ್ಕೆ ಒತ್ತಾಸೆ ಎನ್ನುತ್ತೇವೆ, ಹಡಗಿನ ಮುಖ್ಯಸ್ಥ ನಮ್ಮಲ್ಲಿ ತಂಡೇಲ. ಮೀನುಗಾರಿಕೆಯ ದೋಣಿಯಲ್ಲಿ ತಂಡೇಲನ ಮಾತಿಗೆ ಎಷ್ಟು ತೂಕವಿದೆಯೆಂದು ಬಲ್ಲವರಿಗೆ ಆ ಅಧಿಕಾರವನ್ನು ಬೇರೆಯಾಗಿ ವಿವರಿಸಬೇಕಾಗಲಿಲ್ಲ.

ಇಪ್ಪತ್ತು ಮುಖದ ದಾಳವನ್ನು ಬಿಟ್ಟು ಲೂಡೋ ಪೆಟ್ಟಿಗೆಯ ಎರಡು ಸಾಮಾನ್ಯ ದಾಳಗಳಿಗೆ ಬಂದೆವು. 1977ರ ಟ್ರಾವೆಲರ್ ಎಂಬ ಬಾಹ್ಯಾಕಾಶದ ಆಟದಿಂದ ತೆಗೆದುಕೊಂಡ ಲೆಕ್ಕವಿದು: ಎರಡು ದಾಳಗಳ ಮೊತ್ತ 8 ಅಥವಾ ಹೆಚ್ಚು ಬಂದರೆ ಕೆಲಸ ಸಾಧಿಸಿತು. ಒಟ್ಟು 36 ಸಾಧ್ಯತೆಗಳಲ್ಲಿ 15 ಗೆಲುವಿನವು. ಒಂದು ಒತ್ತಾಸೆ ಸಿಕ್ಕರೆ 21, ಎರಡು ಸಿಕ್ಕರೆ 26. ಒಂದೊಂದು ಅಂಕವೂ ಇಷ್ಟು ಬೆಲೆಬಾಳುವುದರಿಂದ ಒತ್ತಾಸೆಯನ್ನು ಗಳಿಸಲು ಆಟಗಾರರು ತಲೆ ಓಡಿಸುತ್ತಾರೆ. ದಾಳ ಸೋತಾಗ "ಏನೂ ಆಗಲಿಲ್ಲ" ಎಂದು ನಾನು ಹೇಳುವುದಿಲ್ಲ. ಸೋಲಿನಿಂದ ಪರಿಸ್ಥಿತಿ ಬದಲಾಗಲೇಬೇಕು, ಇಲ್ಲವಾದರೆ ಕಥೆ ನಿಂತುಹೋಗುತ್ತದೆ. ದಾಳ ಉರುಳಿಸುವುದು ತಡ್ಪೆಯಲ್ಲಿ, ಅಂದರೆ ಮೊರದಲ್ಲಿ. ಬಿದಿರಿನ ಹೆಣಿಗೆಯ ಮೇಲೆ ಅದು ಸದ್ದಿಲ್ಲದೆ ನಿಲ್ಲುತ್ತದೆ, ಮಾಡಿನ ಮೇಲಿನ ಮಳೆಯ ಸದ್ದೇ ಸಾಕಷ್ಟಿರುತ್ತದೆ.

ಮೂರನೆಯ ವರ್ಷದ ಕಥೆಗೆ ನಾನು ಆರಿಸಿದ್ದು ಗುರುಗ್ರಹದ ಚಂದ್ರನಾದ ಯುರೋಪಾ. ಅದರ ಹಿಮದ ಚಿಪ್ಪಿನ ಕೆಳಗೆ ಉಪ್ಪುನೀರಿನ ಸಾಗರವಿದೆಯೆಂದು ವಿಜ್ಞಾನಿಗಳು ಬಲವಾಗಿ ನಂಬುತ್ತಾರೆ, ಅದನ್ನು ಪರಿಶೀಲಿಸಲೆಂದೇ 2024ರ ಅಕ್ಟೋಬರಿನಲ್ಲಿ ಯುರೋಪಾ ಕ್ಲಿಪ್ಪರ್ ನೌಕೆ ಹೊರಟಿತು. ಕಡಲೂರಿನವರಿಗೆ ಕಡಲಿನ ಕಥೆಯೇ ಸರಿಯೆಂದು ನಾನು ಯೋಚಿಸಿದ್ದೆ. ಅದು ಎಷ್ಟು ಸರಿಯಾಗಿತ್ತೆಂದು ನನಗೆ ತೋರಿಸಿದವರು ಧಕ್ಕೆಯ ಬಳಿಯ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವ ಗೆಳೆಯ. ಹಿಮದೊಳಗೆ ಕೊರೆದ ಬಾವಿಯಲ್ಲಿ ನಮ್ಮ ಜಲನೌಕೆ ಹೆಪ್ಪುಗಟ್ಟಿ ಸಿಕ್ಕಿಬಿದ್ದಿತ್ತು. ಉಳಿದವರು ಸುತ್ತಿಗೆ, ಸ್ಫೋಟಕ ಎನ್ನುತ್ತಿದ್ದರು. ಗೆಳೆಯ ಬೇಡವೆಂದು ತಲೆಯಾಡಿಸಿದರು. ಪ್ಲಾಂಟಿನಲ್ಲಿ ತಗಡಿನ ಕ್ಯಾನುಗಳನ್ನು ಉಪ್ಪುನೀರಿನ ತೊಟ್ಟಿಯಲ್ಲಿ ಮುಳುಗಿಸಿ ಮಂಜುಗಡ್ಡೆ ಮಾಡುತ್ತಾರೆ. ಸೊನ್ನೆಗಿಂತ ತಣ್ಣಗಾದರೂ ಆ ಉಪ್ಪುನೀರು ಹೆಪ್ಪುಗಟ್ಟುವುದಿಲ್ಲ, ಒಳಗಿನ ಸಿಹಿನೀರು ಗಟ್ಟಿಯಾಗುತ್ತದೆ. ಗಡ್ಡೆಯನ್ನು ಬಿಡಿಸಲು ಯಾರೂ ಕುಟ್ಟುವುದಿಲ್ಲ, ಕ್ಯಾನನ್ನು ಸಾಮಾನ್ಯ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿದರೆ ಅಂಚು ಕರಗಿ ಗಡ್ಡೆ ಜಾರುತ್ತದೆ. "ಎಂಜಿನಿನ ಬಿಸಿನೀರನ್ನು ನೌಕೆಯ ಹೊರಮೈಗೆ ಹರಿಸುವ. ಒಂದು ಬೆರಳಿನಷ್ಟು ಕರಗಿದರೆ ಸಾಕು, ತನ್ನಷ್ಟಕ್ಕೇ ಬಿಡ್ತದೆ" ಎಂದರು. ನಾನು ಎರಡು ಒತ್ತಾಸೆ ಕೊಟ್ಟೆ. ತಡ್ಪೆಯಲ್ಲಿ ನಾಲ್ಕು ಮತ್ತು ಎರಡು ಬಿದ್ದವು, ಸರಿಯಾಗಿ ಎಂಟು.

ವಿಜ್ಞಾನದ ಒಂದು ಸತ್ಯವನ್ನಾದರೂ ಆಟಗಾರರು ಮೈಯಲ್ಲಿ ಅನುಭವಿಸಬೇಕೆಂಬುದು ನನ್ನ ಆಸೆಯಾಗಿತ್ತು. ಭೂಮಿಯಿಂದ ಗುರುವಿನವರೆಗೆ ಬೆಳಕು ಸಾಗಲು, ಎರಡೂ ಗ್ರಹಗಳ ಅಂತರಕ್ಕೆ ತಕ್ಕಂತೆ, ಸುಮಾರು 33ರಿಂದ 54 ನಿಮಿಷ ಬೇಕು, ರೇಡಿಯೋ ಸಂದೇಶಕ್ಕೂ ಅಷ್ಟೇ. ಅದಕ್ಕಾಗಿ ಚಾಪೆಯ ನಡುವೆ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟೆ. ಭೂಮಿಯನ್ನು ಏನಾದರೂ ಕೇಳಬೇಕಾದರೆ ಚೀಟಿ ಬರೆಯಬೇಕು. ನಾನು ಆ ಚೀಟಿಯಲ್ಲಿ ಇರುವುದನ್ನಷ್ಟೇ ಆಧರಿಸಿ ಆ ಕ್ಷಣವೇ ಉತ್ತರ ಬರೆದು, ಅಂಟಿಸಿ, ಡಬ್ಬಿಗೆ ಹಾಕುತ್ತೇನೆ. ಹೋಗಿಬರುವ ಅವಧಿಯೆಂದು ಗೋಡೆ ಗಡಿಯಾರದಲ್ಲಿ 86 ನಿಮಿಷ ಕಳೆಯುವವರೆಗೆ ಅದನ್ನು ತೆರೆಯುವಂತಿಲ್ಲ.

ಜುಲೈ ಕೊನೆಯ ಶನಿವಾರ ಯುರೋಪಾದ ಮೇಲಿನ ನಮ್ಮ ನೆಲೆಯ ಗಾಳಿ ಸೋರತೊಡಗಿತು. ಐಸ್ ಪ್ಲಾಂಟಿನ ಗೆಳೆಯನ ಪಾತ್ರ ಇನ್ನೂ ಹೊರಗೆ ಹಿಮದ ಮೇಲಿತ್ತು. ತಂಡೇಲರಾಗಿದ್ದ ಮಾಸ್ಟ್ರು, "ಒಬ್ಬ ಹೊರಗಿದ್ದಾನೆ, ಬಾಗಿಲು ಮುಚ್ಚಲೇ?" ಎಂದು ಬರೆದು ಡಬ್ಬಿಗೆ ಹಾಕಿದರು. ಆದರೆ ಗಾಳಿ ಉಳಿದಿದ್ದದ್ದು ಇಪ್ಪತ್ತು ನಿಮಿಷಕ್ಕೆ. ಅವರು ಕಾಯಲಿಲ್ಲ, ಬಾಗಿಲು ತೆರೆದಿಟ್ಟರು. ದಾಳ ಏಳಕ್ಕೆ ನಿಂತಿತು. ಗೆಳೆಯ ಒಳಗೆ ಬಂದರು, ಗಾಳಿ ಶುದ್ಧಗೊಳಿಸುವ ಎರಡು ಯಂತ್ರಗಳಲ್ಲಿ ಒಂದು ಹೆಪ್ಪುಗಟ್ಟಿ ಒಡೆಯಿತು ಎಂದು ತೀರ್ಪು ಕೊಟ್ಟೆ. ಗಡಿಯಾರದಲ್ಲಿ ಹೊತ್ತು ತುಂಬಿದಾಗ ಮಾಸ್ಟ್ರು ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದರು: "ಮುಚ್ಚಿ." ಕೆಲವು ನಿಮಿಷ ಯಾರೂ ಮಾತಾಡಲಿಲ್ಲ. ಬಳಿಕ ಅವರು ನೆಟ್ಟಗೆ ಕುಳಿತು, ಭೂಮಿಯನ್ನೇ ಸಂಬೋಧಿಸಿ, ಹತ್ತು ನಿಮಿಷ ಅರ್ಥ ಹೇಳಿದರು. ಅಂಥ ಮಾತನ್ನು ನಾನು ಹದಿನೆಂಟು ಪುಟಗಳಲ್ಲಿಯೂ ಬರೆಯಲಾರೆನು.

ಆ ಚೀಟಿ ಡಬ್ಬಿಯಲ್ಲೇ ಇದೆ. ಬರುವ ಜೂನಿನ ಮೊದಲ ಶನಿವಾರ ಉಳಿದಿರುವ ಒಂದೇ ಯಂತ್ರದೊಂದಿಗೆ ಆಟ ಅಲ್ಲಿಂದಲೇ ಮುಂದುವರಿಯಲಿದೆ. ಭೂಮಿಗೆ ಏನೆಂದು ಬರೆಯಬೇಕೆಂಬ ಚರ್ಚೆ ನಮ್ಮೈವರ ನಡುವೆ ಈಗಲೇ ಶುರುವಾಗಿದೆ.