ಸ್ಟಾರ್ಮ್‌ಟ್ರೂಪರ್ ಕವಚ: ಕಿಟ್‌ನಿಂದ ಮೈಮೇಲಕ್ಕೆ

ಸ್ಟಾರ್ ವಾರ್ಸ್ ಚಿತ್ರಗಳ ಬಿಳಿ ಕವಚದ ಸೈನಿಕನೇ ಸ್ಟಾರ್ಮ್‌ಟ್ರೂಪರ್. ಅವನ ಕವಚದ ಕಿಟ್ ಎಂದರೆ ಮೂವತ್ತರ ಆಸುಪಾಸಿನಷ್ಟು ಬಿಳಿ ಪ್ಲಾಸ್ಟಿಕ್ ಚಿಪ್ಪುಗಳು, ಅಷ್ಟೇ. ಎದೆ, ಬೆನ್ನು, ಹೊಟ್ಟೆ, ಸೊಂಟದ ಹಿಂಭಾಗ, ಪೃಷ್ಠ, ಭುಜದ ಗುಮ್ಮಟಗಳು, ಎರಡೆರಡು ಹೋಳಾಗಿರುವ ಕೈಕಾಲುಗಳು, ಹೆಲ್ಮೆಟ್ಟಿನ ತುಂಡುಗಳು. ಬಹಳಷ್ಟು ಕಿಟ್‌ಗಳಲ್ಲಿ ಇವುಗಳ ಅಂಚು ಕತ್ತರಿಸಿರುವುದಿಲ್ಲ. ಅಚ್ಚಿನಿಂದ ಎಳೆದ ಹಾಳೆಯ ಉಳಿಕೆ ಸುತ್ತಲೂ ಅಂಟಿಕೊಂಡೇ ಇರುತ್ತದೆ. ಇದನ್ನು ಮೈಗೆ ಹೊಂದುವ, ತೆರೆಯ ಮೇಲೆ ಕಂಡ ಹಾಗೆಯೇ ಕಾಣುವ ಉಡುಪಾಗಿಸುವ ಕೆಲಸದಲ್ಲಿ ಅಂಟಿಸುವುದು ಚಿಕ್ಕ ಪಾಲು. ಅಳೆಯುವುದು, ಟೇಪ್ ಹಚ್ಚಿ ನೋಡುವುದು, ಮತ್ತೆ ಬಿಚ್ಚುವುದು, ಇದೇ ಹೆಚ್ಚು.

ಮೊದಲು ಯಾವ ಆವೃತ್ತಿ ಎಂದು ಗಟ್ಟಿ ಮಾಡಿಕೊಳ್ಳಿ. 1977ರ ಮೊದಲ ಸ್ಟಾರ್ ವಾರ್ಸ್ ಚಿತ್ರದಲ್ಲೇ ಸ್ಟಂಟ್ (ಸಾಹಸ, ಗುಂಪಿನ ದೃಶ್ಯಗಳಿಗೆ) ಮತ್ತು ಹೀರೋ (ಹತ್ತಿರದಿಂದ ಕಾಣುವ ದೃಶ್ಯಗಳಿಗೆ) ಎಂದು ಎರಡು ಬಗೆಯ ಹೆಲ್ಮೆಟ್‌ಗಳಿದ್ದವು. ಸ್ಟಂಟ್ ಹೆಲ್ಮೆಟ್‌ಗೆ ಚಪ್ಪಟೆ ಹಸಿರು ಲೆನ್ಸ್, ಬಾಯಿಯಲ್ಲಿ ಕತ್ತರಿಸಿ ತೆರೆದ ಹಲ್ಲು ಎಂಟು. ಹೀರೋಗೆ ಉಬ್ಬಿದ ಲೆನ್ಸ್, ಹಲ್ಲು ಆರು. ಒಂದರ ಲೆನ್ಸು, ಇನ್ನೊಂದರ ಹಲ್ಲು ಬೆರೆಸಿದರೆ ಬಲ್ಲವರ ಕಣ್ಣಿಗೆ ಮೊದಲು ಬೀಳುವುದು ಅದೇ. 1997ರಲ್ಲಿ ಶುರುವಾದ 501ನೇ ಲೀಜನ್ ಎಂಬ ಅಭಿಮಾನಿ ಬಳಗ ಪ್ರತಿ ಉಡುಪಿಗೂ ಭಾಗವಾರು ನಿಯಮಪಟ್ಟಿ ಇಟ್ಟಿದೆ. ಅಲ್ಲಿ ಸದಸ್ಯರಾಗುವ ಯೋಚನೆ ಇಲ್ಲದಿದ್ದರೂ ಕತ್ತರಿ ಹಿಡಿಯುವ ಮೊದಲು ಅದನ್ನು ಓದಿಬಿಡಿ. ಇಲ್ಲಿ ಹೇಳುವುದೆಲ್ಲ ಸ್ಟಂಟ್ ಆವೃತ್ತಿಯ ಲೆಕ್ಕ.

ಇನ್ನೊಂದು ಮಾತು. ತೆರೆಯ ಮೇಲಿನ ಕವಚ ಅಚ್ಚುಕಟ್ಟಾಗಿರಲಿಲ್ಲ. ಮುಖ ಒಂದು ಕಡೆಗೆ ವಾಲಿತ್ತು, ಬಣ್ಣದ ಗೆರೆಗಳು ಕೈಯಲ್ಲಿ ಎಳೆದಂಥವು, ಎಡ ಬಲ ಒಂದೇ ಸಮ ಇರಲಿಲ್ಲ. ಒಳ್ಳೆಯ ಕಿಟ್‌ನಲ್ಲಿ ಆ ಓರೆಕೋರೆಗಳೂ ಇರುತ್ತವೆ. ಅವನ್ನು ‘ಸರಿಪಡಿಸಲು’ ಹೋಗಬೇಡಿ.

ಕತ್ತರಿಸುವುದು

ವಸ್ತು ಎಬಿಎಸ್ ಪ್ಲಾಸ್ಟಿಕ್, ಸಾಮಾನ್ಯವಾಗಿ 1.5ರಿಂದ 2 ಮಿ.ಮೀ. ದಪ್ಪ. ಇದನ್ನು ಪೂರ್ತಿ ಕೊಯ್ಯಬೇಕಿಲ್ಲ. ಪೆನ್ಸಿಲ್ ಗೆರೆಯ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಚೂಪಾದ ಕಟರ್‌ನಿಂದ ಎರಡು ಮೂರು ಸಲ ಹಗುರವಾಗಿ ಗೀರಿ. ಮೊದಲ ಗೀರು ಕೂದಲೆಳೆಯಷ್ಟಿದ್ದರೆ ಸಾಕು. ಅದು ದಾರಿ ಮಾಡಿಕೊಡುತ್ತದೆ, ಮುಂದಿನವು ಅದರಲ್ಲೇ ಇಳಿಯುತ್ತವೆ. ಆಮೇಲೆ ಗೀರಿನ ಉದ್ದಕ್ಕೂ ಹಿಂದಕ್ಕೂ ಮುಂದಕ್ಕೂ ಬಾಗಿಸಿ. ಗೀರು ಮೊದಲು ಬೆಳ್ಳಗಾಗುತ್ತದೆ, ನಂತರ ‘ಟಕ್’ ಎಂದು ನೇರವಾಗಿ ಬಿಟ್ಟುಕೊಳ್ಳುತ್ತದೆ. ಮೊದಲ ಸಲವೇ ಒತ್ತಿ ಕೊಯ್ಯಲು ಹೋದರೆ ಅಲಗು ಜಾರಿ ಹೊಳಪಿನ ಮೇಲೆ ಬರೆ ಎಳೆಯುತ್ತದೆ, ಇಲ್ಲವೇ ಬೆರಳಿಗೇ ಬರುತ್ತದೆ.

ವಕ್ರ ಅಂಚುಗಳಿಗೆ ರಿಮೋಟ್ ಆಟಿಕೆ ಕಾರಿನ ಬಾಡಿ ಕತ್ತರಿಸುವ ಬಾಗಿದ ಬಾಯಿಯ ಕತ್ತರಿ ಒಳ್ಳೆಯದು. ರೋಟರಿ ಟೂಲ್ ಬಳಸುವುದಾದರೆ ಕಡಿಮೆ ವೇಗದಲ್ಲಿ ಇಡಿ. ವೇಗ ಹೆಚ್ಚಾದರೆ ಎಬಿಎಸ್ ಕತ್ತರಿಸುವ ಬದಲು ಕರಗಿ ಹಿಂದೆಯೇ ಅಂಟಿಕೊಳ್ಳುತ್ತದೆ. ಒಳಮೂಲೆ ಬರುವಲ್ಲಿ ಮೊದಲು 3 ಮಿ.ಮೀ. ರಂಧ್ರ ಕೊರೆದು, ಗೆರೆಯನ್ನು ಆ ರಂಧ್ರಕ್ಕೆ ತಂದು ನಿಲ್ಲಿಸಿ. ಚೂಪಾಗಿ ಕತ್ತರಿಸಿದ ಒಳಮೂಲೆಯಲ್ಲಿ ಒತ್ತಡವೆಲ್ಲ ಒಂದೇ ಬಿಂದುವಿಗೆ ಬೀಳುತ್ತದೆ, ಕವಚ ಹಾಕಿ ನಾಲ್ಕು ಸಲ ಬಗ್ಗಿದರೆ ಅಲ್ಲಿಂದಲೇ ಬಿರುಕು ಓಡುತ್ತದೆ.

ಪ್ರತಿ ಸಲವೂ ಬೇಕಾದದ್ದಕ್ಕಿಂತ 5 ಮಿ.ಮೀ. ಹೆಚ್ಚೇ ಬಿಡಿ. ಕತ್ತರಿಸಿ ಬಿದ್ದ ಚೂರುಗಳನ್ನು ಒಂದೂ ಎಸೆಯಬೇಡಿ. ಯಾಕೆಂದು ಮುಂದೆ ಗೊತ್ತಾಗುತ್ತದೆ.

ಕೈಕಾಲು: ಮುಂದಿನ ಗೆರೆ ಮೊದಲು

ಹೊಸಬರ ಕವಚ ಕೆಡುವುದು ಬಹುಪಾಲು ಇಲ್ಲೇ. ಮೊಳಕೈ ಕೆಳಗಿನ ಭಾಗ, ತೋಳು, ತೊಡೆ, ಮೊಣಕಾಲ ಕೆಳಗಿನ ಭಾಗ, ಎಲ್ಲವೂ ಎರಡೆರಡು ಹೋಳು. ಹೋಳುಗಳು ಒಂದರ ಮೇಲೊಂದು ಕೂರುವುದಿಲ್ಲ. ಅಂಚಿಗೆ ಅಂಚು ತಾಗಿ ನಿಲ್ಲುತ್ತವೆ, ಆ ಸಂದನ್ನು ಎಬಿಎಸ್ ಪಟ್ಟಿ ಮುಚ್ಚುತ್ತದೆ. ಕೈಗಳಿಗೆ 15 ಮಿ.ಮೀ. ಅಗಲದ ಪಟ್ಟಿ, ಕಾಲಿನ ಮುಂಭಾಗಕ್ಕೆ 20, ಕಾಲಿನ ಹಿಂಭಾಗಕ್ಕೆ 25 ಎಂಬುದು ರೂಢಿಯಲ್ಲಿರುವ ಅಳತೆ.

ಹಾಗಾಗಿ ಮುಂಭಾಗದಲ್ಲಿ ಪ್ರತಿ ಹೋಳಿನ ಚಪ್ಪಟೆ ಏಣನ್ನು ಪಟ್ಟಿಯ ಅರ್ಧ ಅಗಲಕ್ಕೆ ತನ್ನಿ: ಕೈಗೆ 7.5 ಮಿ.ಮೀ., ಕಾಲಿಗೆ 10. ಇದು ಎಲ್ಲರಿಗೂ ಒಂದೇ. ಮೈ ಸಣ್ಣದಿರಲಿ ದೊಡ್ಡದಿರಲಿ, ಹೊಂದಾಣಿಕೆಯೆಲ್ಲ ಹಿಂದಿನ ಸಂದಿನಲ್ಲಿ. ಎರಡೂ ಕಡೆ ಸಮಸಮವಾಗಿ ಕತ್ತರಿಸುತ್ತ ಹೋದರೆ ಮುಂದಿನ ಪಟ್ಟಿ ತನ್ನ ಏಣಿನ ಮೇಲೆ ಕೂರದೆ ಇಳಿಜಾರಿಗೆ ಜಾರುತ್ತದೆ, ಕಾಲಿನ ಆಕಾರವೇ ಬದಲಾಗುತ್ತದೆ. ಒಮ್ಮೆ ಹಾಗಾದರೆ ಹೊಸ ಹೋಳು ತರಿಸದೆ ದಾರಿಯಿಲ್ಲ.

ಮುಂದಿನ ಸಂದನ್ನು ಮಾಸ್ಕಿಂಗ್ ಟೇಪಿನಿಂದ ಹಿಡಿಸಿ, ಕಪ್ಪು ಒಳಉಡುಪು ಹಾಕಿಕೊಂಡೇ ಹಿಂಭಾಗ ಗುರುತು ಮಾಡಿ. ಮೊಳಕೈ ಕೆಳಗಿನ ಭಾಗಕ್ಕೆ ಅಳತೆ ತೆಗೆಯಬೇಕಾದದ್ದು ಮಣಿಕಟ್ಟಿನದಲ್ಲ, ಮಡಿಸಿದ ಅಂಗೈಯದು. ಕೈ ಒಳಗೆ ತೂರಬೇಕಲ್ಲ. ತೊಡೆಯ ಭಾಗವನ್ನು ನಿಂತೂ ನೋಡಿ, ಒಂದು ಕಾಲು ಮೆಟ್ಟಿಲ ಮೇಲಿಟ್ಟೂ ನೋಡಿ. ಮೊಣಕಾಲ ಕೆಳಗಿನದನ್ನು ಬೂಟು ಹಾಕಿಯೇ ಅಳೆಯಿರಿ. ಇದರ ಹಿಂಭಾಗ ಅಂಟಿಸುವಂತಿಲ್ಲ. ತೆರೆದು ಮುಚ್ಚಲು ವೆಲ್ಕ್ರೋ ಬೇಕು. ತೊಡೆಯ ಮುಂದಿನ ಪಟ್ಟಿ ಕೆಳಗಿನ ಉಬ್ಬು ಅಂಚಿಗೆ ಮೊದಲೇ ನಿಲ್ಲಬೇಕು, ಅದರ ಮೇಲೆ ಹತ್ತಬಾರದು. ಮೊಣಕಾಲಿನ ವಜ್ರಾಕಾರದ ಫಲಕ ಎಡಗಾಲಿಗೆ, ಗುಂಡಿನ ಪಟ್ಟಿ ಬಲತೊಡೆಗೆ. ಮೊಳಕೈ ಭಾಗದ ಮಣಿಕಟ್ಟಿನ ಬದಿ ಒಳಕ್ಕೆ ಮಡಿಚಿದ ಅಂಚು ಇದ್ದರೆ ತೆಗೆದುಬಿಡಿ. ತೆರೆಯ ಕವಚದಲ್ಲಿ ಅದಿಲ್ಲ, ಸಾಲದ್ದಕ್ಕೆ ಅದು ಕೈಯನ್ನೂ ಕೊರೆಯುತ್ತದೆ.

ಕೆಲಸವನ್ನು ಮೊಳಕೈ ಭಾಗದಿಂದಲೇ ಶುರು ಮಾಡಿ. ಚಿಕ್ಕ ತುಂಡು, ತಪ್ಪಿದರೂ ಹೆಚ್ಚು ಎದ್ದು ಕಾಣುವುದಿಲ್ಲ.

ಅಂಟು

ಮೊದಲ ಕವಚಕ್ಕೆ ಇ6000 ತರಹದ ರಬ್ಬರಿನಂಥ ಅಂಟೇ ಸರಿ. ನಿಧಾನ, ಆದರೆ ಬಾಗುವಾಗ ಬಿಡುವುದಿಲ್ಲ. ತಪ್ಪಾದರೆ ನಿಧಾನಕ್ಕೆ ಸುಲಿದು ಬಿಚ್ಚಬಹುದು. ಸೂಪರ್‌ಗ್ಲೂ ಗಾಜಿನ ಹಾಗೆ ಗಡುಸಾಗಿ, ನಡೆಯುವಾಗಿನ ಬಾಗುವಿಕೆಗೆ ಸೀಳುತ್ತದೆ. ಅದರ ಆವಿ ಪಕ್ಕದ ಹೊಳಪಿನ ಮೇಲೆ ಬಿಳಿ ಮಂಜು ಕೂರಿಸುವುದು ಬೇರೆ.

ಎರಡೂ ಮೇಲ್ಮೈಗಳನ್ನು 150 ನಂಬರಿನ ಮರಳು ಕಾಗದದಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ತೆಳ್ಳಗೆ ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು ಕೂಡಿಸಿ. ಒಳಪಟ್ಟಿ ಮೊದಲು, ಅದು ಗಟ್ಟಿಯಾದ ಮೇಲೆ ಹೊರಪಟ್ಟಿ. ಕ್ಲ್ಯಾಂಪ್ ತಲುಪದ ಕಡೆ ನಿಯೋಡಿಮಿಯಮ್ ಆಯಸ್ಕಾಂತಗಳನ್ನು ಒಳಗೊಂದು ಹೊರಗೊಂದು ಕೂರಿಸಿ. ಅವಕ್ಕೆ ಟೇಪ್ ಸುತ್ತಿರಿ, ಇಲ್ಲದಿದ್ದರೆ ಪ್ಲಾಸ್ಟಿಕ್ಕಿಗೆ ಗುಳಿ ಬೀಳುತ್ತದೆ, ಅಂಟಿಗೂ ಅಂಟಿಕೊಳ್ಳುತ್ತವೆ. 24 ಗಂಟೆ ಮುಟ್ಟಬೇಡಿ. ಪೂರ್ತಿ ಬಲ ಬರಲು 72 ಗಂಟೆ ಬೇಕು, ಚಳಿಯಿದ್ದರೆ ಇನ್ನೂ ಹೆಚ್ಚು. ಹೊರಗೆ ಉಕ್ಕಿದ ಅಂಟನ್ನು ಹಸಿಯಿರುವಾಗ ಒರೆಸಬೇಡಿ, ಬಳಿದುಕೊಳ್ಳುತ್ತದೆ. ರಬ್ಬರಿನಂತಾದ ಮೇಲೆ ಹೆಬ್ಬೆರಳಿನಿಂದ ಉರುಳಿಸಿದರೆ ಸುರುಳಿಯಾಗಿ ಬರುತ್ತದೆ. ಕಿಟಕಿ ತೆರೆದಿರಲಿ, ಈ ಅಂಟಿನ ವಾಸನೆ ತಲೆಗೇರುತ್ತದೆ.

ಪಟ್ಟಿ ತಾನೇ ಬಾಗದೆ ಎದ್ದು ನಿಂತರೆ ಒತ್ತಿ ಅಂಟಿಸಲು ಹೋಗಬೇಡಿ; ಅಂಟು ಸದಾ ಎಳೆತದಲ್ಲೇ ಇದ್ದು ಒಂದು ದಿನ ಬಿಡುತ್ತದೆ. 80ರಿಂದ 90 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಪಟ್ಟಿಯನ್ನು ಅದ್ದಿ ತೆಗೆದು, ಕೈಗವಸು ಹಾಕಿಕೊಂಡು ಬೇಕಾದ ಬಾಗಿಗೆ ಹಿಡಿದು, ತಣ್ಣೀರಿಗೆ ಹಾಕಿ. ಎಬಿಎಸ್ ಮೆತ್ತಗಾಗುವುದು 100 ಡಿಗ್ರಿಯ ಆಸುಪಾಸಿನಲ್ಲಿ. ಹಾಗಾಗಿ ಹಾಟ್ ಏರ್ ಗನ್ ಕ್ಷಣಾರ್ಧದಲ್ಲಿ ಮಿತಿ ದಾಟಿಸಿ ಅಚ್ಚಿನ ಏಣುಗಳನ್ನೇ ಅಳಿಸಿಬಿಡುತ್ತದೆ. ನೀರಿಗೆ ಆ ಭಯ ಕಡಿಮೆ.

ಸೊಂಟ ಸಾಲದಿದ್ದರೆ

ಹೊಟ್ಟೆಯ ಫಲಕ ಮತ್ತು ಹಿಂದಿನ ಸೊಂಟದ ಫಲಕ ಪಕ್ಕದಲ್ಲಿ ಅಂಚಿಗೆ ಅಂಚು ಕೂಡಬೇಕು. ನಡುವೆ ಕಪ್ಪು ಬಟ್ಟೆ ಕಂಡರೆ ಪಟ್ಟಿ ಸೇರಿಸಿ ಅಗಲಿಸಬೇಕು. ಸಂಗ್ರಹಿಸಿಟ್ಟ ಚೂರುಗಳ ಕೆಲಸ ಇಲ್ಲಿಂದ ಶುರು. ಅದೇ ಕಿಟ್‌ನ ಚೂರೇ ಆಗಬೇಕು, ಬಿಳಿಯಲ್ಲೂ ಹತ್ತು ಬಿಳಿಯಿದೆ. ಬೇಕಾದ ಅಗಲವನ್ನು ಎರಡು ಪಕ್ಕಕ್ಕೂ ಹಂಚಿ ಹಿಂದಿನ ಫಲಕಕ್ಕೆ ಸೇರಿಸಿ, ಒಳಗಿನಿಂದ ಅಗಲವಾದ ಆಧಾರ ಪಟ್ಟಿ ಕೊಡಿ.

ಸಂದು ತುಂಬಲು ಎಬಿಎಸ್ ಪೇಸ್ಟ್. ಚೂರುಗಳನ್ನು ಸಣ್ಣಗೆ ಕತ್ತರಿಸಿ ಗಾಜಿನ ಸೀಸೆಯಲ್ಲಿ ಅಸಿಟೋನ್‌ಗೆ ಹಾಕಿ ರಾತ್ರಿಯಿಡೀ ಬಿಟ್ಟರೆ ಕರಗಿ ಗಟ್ಟಿ ಗಂಜಿಯಾಗುತ್ತದೆ. ಬೆಂಕಿಯ ಹತ್ತಿರ ಈ ಕೆಲಸ ಬೇಡವೇ ಬೇಡ. ಒಂದು ಸಲಕ್ಕೆ ಒಂದು ಮಿ.ಮೀ. ಮೀರದ ಪದರ ಹಚ್ಚಿ, ಒಂದು ದಿನ ಒಣಗಿಸಿ, ಮತ್ತೊಂದು. ಒಂದೇ ಸಲ ದಪ್ಪಗೆ ಮೆತ್ತಿದರೆ ಅಸಿಟೋನ್ ಹೊರಹೋಗಲು ದಾರಿ ಸಿಗದೆ ಕೆಳಗಿನ ಫಲಕವನ್ನೇ ಮೆತ್ತಗಾಗಿಸಿ ತಗ್ಗು ಬೀಳಿಸುತ್ತದೆ. ಅವಸರದಲ್ಲಿ ಉಜ್ಜಿದರೂ ಇದೇ ಗತಿ: ಅಂದು ನುಣುಪಾಗಿ ಕಂಡ ಗೆರೆ ವಾರದೊಳಗೆ ಕುಗ್ಗಿ ಮತ್ತೆ ಕಾಣಿಸಿಕೊಳ್ಳುತ್ತದೆ. ಕೊನೆಯ ಪದರದ ನಂತರ ಮೂರು ದಿನ ಬಿಟ್ಟು 240, 400, 800, 1500, 2000 ನಂಬರುಗಳಲ್ಲಿ ಉಜ್ಜಿ, 400ರಿಂದ ಮೇಲೆ ನೀರು ಹಾಕಿ, ಕಡೆಗೆ ಪ್ಲಾಸ್ಟಿಕ್ ಪಾಲಿಶ್ ಹಚ್ಚಿ.

ಹೊಟ್ಟೆ-ಸೊಂಟದ ಕೂಡುವಲ್ಲಿ ಧರಿಸುವವರ ಎಡಪಕ್ಕಕ್ಕೆ ಮೂರು ಸ್ಪ್ಲಿಟ್ ರಿವೆಟ್‌ಗಳು (ಸೀಳಿದ ಕಾಲುಗಳನ್ನು ಒಳಗೆ ಮಡಚಿ ಬಿಗಿಸುವ ಮೊಳೆಗಳು) ಹೊರಗೆ ಕಾಣುತ್ತವೆ. ರಂಧ್ರವನ್ನು ಅಂಚಿನಿಂದ 10 ಮಿ.ಮೀ. ಒಳಗೆ ಕೊರೆಯಿರಿ.

ಜೋಡಣೆಯ ಪಟ್ಟಿಗಳು

ಉಳಿದೆಲ್ಲ ಭಾಗಗಳು ಒಳಗಿನ ಎಲಾಸ್ಟಿಕ್ ಮತ್ತು ಪ್ರೆಸ್ ಬಟನ್‌ಗಳ ಮೇಲೆ ನಿಲ್ಲುತ್ತವೆ. ಬಟನ್ನನ್ನು ನೇರವಾಗಿ ಕವಚಕ್ಕೆ ಹೊಡೆಯಬಾರದು, ಹೊರಗೆ ಕಾಣುತ್ತದೆ. 50 ಮಿ.ಮೀ. ಅಗಲದ ನೈಲಾನ್ ಪಟ್ಟಿಯ ಚೌಕಗಳಿಗೆ ಬಟನ್ ಹೊಡೆದು, ಚೌಕವನ್ನು ಒಳಮೈಗೆ ಅಂಟಿಸಿ. ನೈಲಾನ್ ಅಂಚನ್ನೂ ರಂಧ್ರವನ್ನೂ ಸೋಲ್ಡರಿಂಗ್ ಕಬ್ಬಿಣದಿಂದ ಸುಟ್ಟು ಮುಚ್ಚದಿದ್ದರೆ ಎಳೆ ಬಿಚ್ಚುತ್ತ ಬಟನ್ ಕಿತ್ತು ಬರುತ್ತದೆ. ಭುಜದ ಏಣುಪಟ್ಟಿ ಮುಂದೆ ಎದೆಗೆ ಅಂಟಬೇಕು, ಹಿಂದೆ ಅಂಟಬಾರದು; ಅಲ್ಲಿ ಬಿಳಿ ಎಲಾಸ್ಟಿಕ್ ಕುಣಿಕೆಯ ಕೆಳಗೆ ಜಾರಾಡಬೇಕು. ಎರಡೂ ಕಡೆ ಅಂಟಿಸಿದರೆ ಕೈ ಎತ್ತಿದ ಮೊದಲ ಸಲವೇ ಸೀಳುತ್ತದೆ. ತೊಡೆಯ ಭಾಗಗಳನ್ನು ಸೊಂಟದ ಒಳಬೆಲ್ಟಿಗೆ ತೂಗುಹಾಕಿ. ಹೊರಬೆಲ್ಟ್ ಬಿಳಿ ಕ್ಯಾನ್ವಾಸಿನದು, ಹೋಲ್‌ಸ್ಟರ್, ಅಂದರೆ ಬಂದೂಕಿನ ಚೀಲ, ಎಡಕ್ಕೆ.

ಹೆಲ್ಮೆಟ್

ಮುಖ ಮತ್ತು ತಲೆಯ ಹಿಂಭಾಗವನ್ನು ಟೇಪಿನಿಂದ ಹಿಡಿಸಿ, ಕನ್ನಡಿಯ ಮುಂದೆ ನಿಂತು ನೋಟ ಸರಿಹೋಗುವವರೆಗೆ ಮೇಲೆ ಕೆಳಗೆ ಸರಿಸಿ. ಹಣೆಯ ಅಂಚು ಕಣ್ಣಿನ ಮೇಲೆ ತುಸು ಇಳಿದಿದ್ದರೆ ಆ ಸಿಡುಕು ಮುಖ ಬರುತ್ತದೆ. ಎತ್ತರಿಸಿದರೆ ಬೆರಗಾದವನಂತೆ ಕಾಣುತ್ತಾನೆ. ನಂತರ ಕಿವಿಯ ಕೆಳಗೆ ಮರೆಯಾಗುವಲ್ಲಿ ರಿವೆಟ್ ಹೊಡೆಯಿರಿ. ಕಿವಿಯ ತುಂಡುಗಳನ್ನು ಕೂಡಿಸುವುದು ಇಡೀ ಕಿಟ್‌ನ ಅತಿ ಸತಾಯಿಸುವ ಕೆಲಸ. ಒಂದು ಸಲಕ್ಕೆ ಒಂದು ಮಿ.ಮೀ. ಮೀರಿ ಕತ್ತರಿಸದೆ, ಪ್ರತಿ ಸಲವೂ ಇಟ್ಟು ನೋಡುತ್ತ ಹೋಗಿ.

ಬಿಳಿ ಹಾಗೆಯೇ ಇರಲಿ, ಅದಕ್ಕೆ ಬಣ್ಣ ಬೇಕಿಲ್ಲ. ಕೆನ್ನೆಯ ಕೊಳವೆಯ ಗೆರೆಗಳಿಗೆ ಹಂಬ್ರೋಲ್ ಎಂಬ ಬ್ರ್ಯಾಂಡಿನ 14ನೇ ನಂಬರಿನ ನೀಲಿ, ಬಾಯಿಗೂ ಹಣೆಯ-ಕೆನ್ನೆಯ ತಗ್ಗುಗಳಿಗೂ ಹಂಬ್ರೋಲ್ 5 ಬೂದು. ಎನಾಮೆಲ್ ಆದ್ದರಿಂದ ತಪ್ಪಿದ ಗೆರೆಯನ್ನು ಹಸಿಯಿರುವಾಗಲೇ ವೈಟ್ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಬಹುದು. ಅಸಿಟೋನ್ ಮುಟ್ಟಿಸಿದರೆ ಬಣ್ಣದ ಜತೆ ಹೊಳಪೂ ಹೋಗುತ್ತದೆ. ಸ್ಟಿಕ್ಕರಿಗಿಂತ ಕೈಯಲ್ಲಿ ಎಳೆದದ್ದೇ ಚೆನ್ನ.

ಹಾಕಿಕೊಳ್ಳುವುದು

ಕೆಳಗಿನಿಂದ ಮೇಲಕ್ಕೆ: ಒಳಉಡುಪು, ಬೂಟು, ಮೊಣಕಾಲ ಕೆಳಗಿನವು, ತೊಡೆ, ಹೊಟ್ಟೆ-ಸೊಂಟ, ಎದೆ-ಬೆನ್ನು, ತೋಳುಗಳು, ಬೆಲ್ಟ್, ಕೈಗವಸು. ಎದೆ ಏರಿದ ಮೇಲೆ ಬಗ್ಗಿ ಬೂಟು ಮುಟ್ಟಲಾಗದು. ಮೊದಲ ಸಲ ಮನೆಯೊಳಗೇ ಒಂದು ಗಂಟೆ ಓಡಾಡಿ, ಚರ್ಮ ಕೆಂಪಾದ ಕಡೆ ಒಳಗಿನಿಂದ ಪೆನ್ಸಿಲ್ ಗುರುತು ಹಾಕಿ. ಹೆಚ್ಚಾಗಿ ಅದು ಮೊಣಕಾಲ ಹಿಂಬದಿ, ಕಂಕುಳು, ಮೊಳಕೈ ಒಳಮಡಿಕೆ. ಅಲ್ಲಿ ಅಂಚನ್ನು 3 ಮಿ.ಮೀ. ಕೆರೆದು, 400 ನಂಬರಿನಿಂದ ದುಂಡಗಾಗಿಸಿ. ಎಲ್ಲಾದರೂ ಬಿರುಕು ಹೊರಟಿದ್ದರೆ ಅದರ ತುದಿಗೆ 2 ಮಿ.ಮೀ. ರಂಧ್ರ ಕೊರೆದು ಓಟ ನಿಲ್ಲಿಸಿ, ಒಳಗಿನಿಂದ ಬಟ್ಟೆಯ ತುಂಡನ್ನು ಎಬಿಎಸ್ ಪೇಸ್ಟ್‌ನಲ್ಲಿ ನೆನೆಸಿ ತೆಳ್ಳಗೆ ಮೆತ್ತಿ. ಹೊರಗೆ ಹೋಗುವಾಗ ಚೀಲದಲ್ಲಿ ಬಿಳಿ ಟೇಪ್, ಎರಡು ಹೆಚ್ಚುವರಿ ಎಲಾಸ್ಟಿಕ್ ಪಟ್ಟಿ, ನಾಲ್ಕು ಪ್ರೆಸ್ ಬಟನ್, ಒಂದು ಸ್ಕ್ರೂಡ್ರೈವರ್ ಇರಲಿ.