ಅಗ್ಗದ ಡಬ್ಬಿಯೇ ಗೆದ್ದಿತು: ನನ್ನ ಏರ್ ರೈಫಲ್‌ಗೆ ಪೆಲೆಟ್ ಹುಡುಕಿದ ಅನುಭವ

ಹೋದ ತಿಂಗಳು ಪ್ರಾಕ್ಟೀಸ್‌ನಲ್ಲಿ 60 ಶಾಟ್‌ಗೆ 618 ಬಂತು. ಪೂರ್ತಿ ಅಂಕ 654ಕ್ಕೆ 618 ಅಂದರೆ ದೊಡ್ಡ ಶೂಟರ್‌ಗಳು ನಕ್ಕಾರು. ಆದರೆ 605ರ ಆಸುಪಾಸಿನಲ್ಲೇ ಎರಡು ವರ್ಷ ಕೊಳೆತವನಿಗೆ ಇದು ಹಬ್ಬ. ಕೈ ಅದೇ, ಜಾಕೆಟ್ ಅದೇ, ರೈಫಲ್ ಕೂಡ ಅದೇ. ಬದಲಾಗಿದ್ದು ಪೆಲೆಟ್‌ನ, ಅಂದರೆ ಸೀಸದ ಸಣ್ಣ ಗುಂಡಿನ, ಡಬ್ಬಿ ಮಾತ್ರ.

ನನ್ನದು ಹಳೆಯ ಪಿಸಿಪಿ ರೈಫಲ್, ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವಂಥದ್ದು. ಕೊಲ್ಹಾಪುರದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ಶೂಟಿಂಗ್ ಸಾಮಾನು ಬೇಕಾದರೆ ಬೆಳಗಾವಿಯ ನಾವು ಮೊದಲು ನೋಡುವುದು ಆ ಕಡೆಗೇ. ಹೆಸರಾಂತ ಶೂಟರ್‌ಗಳಾದ ತೇಜಸ್ವಿನಿ ಸಾವಂತ್, ಸ್ವಪ್ನಿಲ್ ಕುಸಾಳೆ ಇಬ್ಬರೂ ಆ ಜಿಲ್ಲೆಯವರೇ ಅಲ್ವಾ. ನನ್ನ ರೈಫಲ್‌ನ ಗುಂಡಿನ ವೇಗ ಸೆಕೆಂಡಿಗೆ 170-175 ಮೀಟರ್ ಇರಬೇಕು, ಒಬ್ಬರ ಕ್ರೋನೋಗ್ರಾಫ್ (ವೇಗ ಅಳೆಯುವ ಯಂತ್ರ) ಕಡ ತಂದು ಒಮ್ಮೆ ನೋಡಿದ್ದೆ. ಇಷ್ಟು ನಿಧಾನದ ಗುಂಡು ಬ್ಯಾರಲ್ ಒಳಗೇ ತುಂಬಾ ಹೊತ್ತು ಇರುತ್ತದೆ. ಹಾಗಾಗಿ ಪೆಲೆಟ್ ಬ್ಯಾರಲ್‌ಗೆ ಹೇಗೆ ಕೂತಿದೆ ಅನ್ನುವುದೇ ಎಲ್ಲ.

ಕೋಚ್ ಸರ್ ಇದನ್ನು ಒಪ್ಪಲಿಲ್ಲ. "ಪೆಲೆಟ್ ಚಿಂತಿ ಬಿಡ್ರಿ, ಎಲ್ಲಾರೂ ಹೊಡಿಯೋ ಡಬ್ಬೀನೇ ತಗೋರಿ. ಹೋಲ್ಡ್ ಸುಧಾರಿಸ್ರಿ" ಅಂದರು. ಎಲ್ಲರೂ ಹೊಡೆಯುವುದು ದುಬಾರಿ ಮ್ಯಾಚ್ ಡಬ್ಬಿ, ತಲೆ 4.49, ಅಂದರೆ ಪೆಲೆಟ್‌ನ ತಲೆಯ ಅಗಲ ಅಷ್ಟು ಮಿಲಿಮೀಟರ್. ನಾನೂ ಅದನ್ನೇ ಹೊಡೆಯುತ್ತಿದ್ದೆ. ಆರಾಮಾಗಿ ನಿಂತು ಬಿಟ್ಟ ಶಾಟ್ ಕೂಡ 9.6ಕ್ಕೆ (ಒಂದು ಶಾಟ್‌ಗೆ ಪೂರ್ತಿ ಅಂಕ 10.9) ಹೋಗುತ್ತಿತ್ತು. ನನ್ನ ತಪ್ಪು ನನಗೆ ಗೊತ್ತಾಗುತ್ತದೆ ಸ್ವಾಮಿ, ಇದು ನನ್ನದಲ್ಲ.

ವೈಸ್‌ನಲ್ಲಿ ಕಟ್ಟಿ ಹೊಡೆದು ನೋಡೋಣ ಅಂತ ಉದ್ಯಮಬಾಗಿನ ಒಂದು ವರ್ಕ್‌ಶಾಪ್‌ನಲ್ಲಿ ಕ್ಲಾಂಪ್ ಮಾಡಿಸಿದೆ. ಸುಮಾರು 2,200 ರೂಪಾಯಿ. ಮೊದಲನೆಯದು ದಂಡವಾಯಿತು. ಬ್ಯಾರಲ್ ಜೊತೆ ಸಿಲಿಂಡರನ್ನೂ ಹಿಡಿಯುವ ಹಾಗೆ ಮಾಡಿಸಿದ್ದೆ. ಗಾಳಿ ಖಾಲಿಯಾದಂತೆ ಗುಂಪು, ಅಂದರೆ ಕಾರ್ಡಿನ ಮೇಲೆ ತೂತುಗಳು ಬೀಳುವ ಜಾಗ, ಮೆಲ್ಲಗೆ ಕೆಳಗೆ ಜಾರುತ್ತಿತ್ತು. ಎರಡನೆಯದು ಆಕ್ಷನ್ (ಗುಂಡು ತುಂಬಿ ಹೊಡೆಯುವ ನಡುಭಾಗ) ಮಾತ್ರ ಹಿಡಿಯುತ್ತದೆ, ಒಳಗೆ ಸೈಕಲ್ ಟ್ಯೂಬಿನ ರಬ್ಬರ್. ಮತ್ತೆ 1,500.

ಆಮೇಲೆ ಡಬ್ಬಿಗಳು. ಏಳೋ ಎಂಟೋ ತರಿಸಿದೆ, 500ರ ಡಬ್ಬಿ. ತಲೆ 4.49, 4.50, 4.51. ಒಟ್ಟು ಏಳು ಸಾವಿರ ದಾಟಿರಬೇಕು. ಮನೆಯವಳು "ಏನ್ರೀ, ಸೀಸಾ ತಿಂತೀರೇನು?" ಅಂದಳು. ಐದೈದು ಶಾಟ್ ಹೊಡೆದು ಡಬ್ಬಿ ಬದಲಿಸುತ್ತಾ ಹೋದೆ. ಫಲಿತಾಂಶ ಹುಚ್ಚುಹುಚ್ಚಾಗಿತ್ತು. ಭಾನುವಾರ ಗೆದ್ದ ಡಬ್ಬಿ ಬುಧವಾರ ಸೋಲುತ್ತಿತ್ತು. ಎರಡು ತಿಂಗಳು ಹೀಗೇ ಹೋಯಿತು.

ಕೊನೆಗೆ ತಿಳಿದದ್ದು ಒಂದು ಸಣ್ಣ ವಿಷಯ. ಪೆಲೆಟ್ ಬದಲಿಸಿದ ಕೂಡಲೇ ಬ್ಯಾರಲ್ ಒಪ್ಪುವುದಿಲ್ಲ. ಹಳೆಯ ಡಬ್ಬಿಯ ಸೀಸ, ಅದರ ಎಣ್ಣೆ ಒಳಗೆ ಇರುತ್ತದೆ. ಹೊಸದರ 25-30 ಶಾಟ್ ಸುಮ್ನೆ ಹೊಡೆದು ಬಿಡಬೇಕು, ಲೆಕ್ಕಕ್ಕೆ ಹಿಡಿಯಬಾರದು. ಆಮೇಲೆ ಬರುವ ಗುಂಪೇ ನಿಜವಾದ ಗುಂಪು. ಅಲ್ಲಿಯವರೆಗೆ ನಾನು ನೋಡಿದ್ದೆಲ್ಲ ಹಿಂದಿನ ಡಬ್ಬಿಯ ಫಲಿತಾಂಶ!

ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಹತ್ತು ಶಾಟ್‌ನ ಗುಂಪು, ಡಬ್ಬಿಗೆ ಐದು ಗುಂಪು. ವರ್ನಿಯರ್‌ನಿಂದ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು ಗುಂಡಿನ ಅಗಲ 4.5 ಕಳೆಯುವುದು. ದುಬಾರಿಯ 4.49 ಸುಮಾರು 3 ಮಿಲಿಮೀಟರ್, ಒಮ್ಮೊಮ್ಮೆ 4 ಹತ್ತಿರ. ಗುರಿಯ ನಡುವಿನ 10ರ ಚುಕ್ಕೆ ಅರ್ಧ ಮಿಲಿಮೀಟರ್ ಇರುವಾಗ ಇದು ಜಾಸ್ತಿಯೇ. ಅರ್ಧ ಬೆಲೆಯ ಇನ್ನೊಂದು ಡಬ್ಬಿ, ತಲೆ 4.50, ಒಂದೂವರೆಯ ಆಸುಪಾಸು. ಕಾರ್ಡಿನಲ್ಲಿ ಹತ್ತು ಗುಂಡಿಗೆ ಒಂದೇ ತೂತು, ಅಂಚು ಮಾತ್ರ ಸ್ವಲ್ಪ ಹರಿದಿತ್ತು. ನಂಬದೆ ಮರುದಿನ ಮತ್ತೆ ಹೊಡೆದೆ. ಅದೇ ತೂತು.

ನಡುವೆ ಅಡ್ಡದಾರಿಗಳೂ ಆದವು. ಇಲ್ಲೇ ಬೆಳಗಾವಿಯ ಶಹಾಪುರದಲ್ಲಿ ಸರಾಫ ಗೆಳೆಯನ ಕಾಟಾ ಮೇಲೆ ಮೂರು ಸಂಜೆ ಕೂತು ಒಂದು ಡಬ್ಬಿ ಪೂರ್ತಿ ತೂಗಿದೆ. "ಇದು ಬಂಗಾರಲ್ಲೋ ಮಾರಾಯಾ" ಅಂತ ಅವನು ನಕ್ಕ. 0.53 ಗ್ರಾಂ ಅಂತ ಬರೆದದ್ದು ಹೆಚ್ಚೂಕಮ್ಮಿ ಹಾಗೇ ಇತ್ತು. ತೂಕ ನೋಡಿ ಬೇರ್ಪಡಿಸಿ ಹೊಡೆದರೂ 10 ಮೀಟರ್‌ಗೆ ನನಗೆ ವ್ಯತ್ಯಾಸ ಕಾಣಲಿಲ್ಲ. ಗಾಜಿನ ಮೇಲೆ ಉರುಳಿಸಿ ಸ್ಕರ್ಟ್ (ಪೆಲೆಟ್‌ನ ಹಿಂಬದಿಯ ಅಂಚು) ನೆಗ್ಗಿದವನ್ನು ತೆಗೆಯುವುದು ಮಾತ್ರ ಉಪಯೋಗ. ಡಬ್ಬಿಗೆ ಹತ್ತು ಹದಿನೈದು ಸಿಗುತ್ತವೆ. ಅವೇ ಆ 9.6ಗಳು.

ಪಿಸ್ತೂಲಿನ ಹಗುರ ಪೆಲೆಟ್ಟೂ ಹಾಕಿ ನೋಡಿದೆ, 0.45 ಗ್ರಾಂನದು. ವೇಗ ಏರಿತು, ಗುಂಪು ಅಗಲವಾಯಿತು. ಪೆಲೆಟ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಒಂದು ಹನಿ ಎಣ್ಣೆ ಸವರಿದ್ದು ದೊಡ್ಡ ತಪ್ಪು. ಬ್ಯಾರಲ್ ಮತ್ತೆ ಸರಿಹೋಗಲು ನೂರು ಶಾಟ್ ತಿಂದಿತು. ಈಗ ತೊಳೆಯುವುದೇ ಇಲ್ಲ. ಡಬ್ಬಿಯಿಂದ ಬಂದ ಹಾಗೇ ಹೊಡೆಯುತ್ತೇನೆ.

ನಮ್ಮ ಮಳೆ ಬೇರೆ ಕಥೆ. ಜುಲೈಯಲ್ಲಿ ಕಿಟಕಿ ಪಕ್ಕ ಇಟ್ಟಿದ್ದ ಎರಡು ಡಬ್ಬಿಗೆ ಸುಣ್ಣ ಹಚ್ಚಿದ ಹಾಗೆ ಬಿಳಿ ಪುಡಿ ಹಿಡಿಯಿತು. ಎರಡೂ ಕಸಕ್ಕೆ. ಈಗ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡುತ್ತೇನೆ, ಒಳಗೆ ಜೊತೆಗೆ ಒಂದು ಸಾಮಾನೂ ಇರುತ್ತದೆ. ಅದೇನು ಅಂತ ಇಲ್ಲಿ ಬರೆಯುವುದಿಲ್ಲ. ಹಾಗೆಯೇ, ಪೆಲೆಟ್ ಮುಟ್ಟಿದ ಕೈ ಸಾಬೂನು ಹಾಕಿ ತೊಳೆಯಿರಿ. ನಮ್ಮ ಹುಡುಗನೊಬ್ಬ ಅದೇ ಕರಿ ಬೆರಳಿನಿಂದ ಕುಂದಾ ಎತ್ತಿಕೊಳ್ಳುತ್ತಿದ್ದ. ಬೈದು ನಲ್ಲಿಗೆ ಕಳಿಸಿದೆ.

ಗೆದ್ದ ಲಾಟ್ (ಕಂಪನಿಯಲ್ಲಿ ಒಂದೇ ಸಲ ತಯಾರಾದ ಕಂತು) ಸಿಕ್ಕ ದಿನವೇ ಅದೇ ಲಾಟ್‌ನ ಹನ್ನೆರಡು ಡಬ್ಬಿ ಆರ್ಡರ್ ಮಾಡಿದೆ. ಸಿಕ್ಕಿದ್ದು ಒಂಬತ್ತು. ಮುಂದಿನ ಲಾಟ್‌ನ ಒಂದು ಡಬ್ಬಿಯನ್ನೂ ತರಿಸಿ ನೋಡಿದೆ. ಅದೇ ಕಂಪನಿ, ಅದೇ 4.50. ಆದರೂ ಗುಂಪು ಎರಡೂವರೆ ಮಿಲಿಮೀಟರ್‌ಗೆ ಹೋಯಿತು. ಹಾಗಾಗಿ ಮುಚ್ಚಳದ ಮೇಲಿನ ಹೆಸರನ್ನು ಓದಿ ಸುಮ್ಮನಾಗಬೇಡಿ, ತಿರುಗಿಸಿ ಲಾಟ್ ನಂಬರಿನ ಸ್ಟಿಕರ್ ನೋಡಿ.

ಮೊನ್ನೆ ಕೋಚ್ ಸರ್ ನನ್ನ ಕಾರ್ಡನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಆಮೇಲೆ ಯಾರಿಗೂ ಕೇಳದ ಹಾಗೆ "ಯಾವ ಲಾಟ್ ರೀ ಅದು?" ಅಂದರು. ತಲೆ 4.50 ಅಂತ ಹೇಳಿದೆ ಸರ್‌ಗೆ. ಲಾಟ್ ನಂಬರ್ ಹೇಳಲಿಲ್ಲ. ಒಂಬತ್ತರಲ್ಲಿ ಈಗ ಐದೇ ಉಳಿದಿವೆ.