ಕಂಟ್ರೋಲರ್ ತೋರಿಸುವ ಗೆರೆ ನಂಬಬೇಡಿ: ತೋಟದ ಮನೆಯ ಸೋಲಾರ್ ಬ್ಯಾಟರಿ ನೋಡಿಕೊಳ್ಳುವುದು ಹೇಗೆ?

ಕರೆಂಟಿನ ತಂತಿ ತಲುಪದ ಮಲೆನಾಡಿನ ತೋಟದ ಮನೆಗಳಲ್ಲಿ ಬ್ಯಾಟರಿ ಹಾಳಾಗಲು ಮುಖ್ಯ ಕಾರಣ ಅರೆಹೊಟ್ಟೆ. ವಾರಗಟ್ಟಲೆ ಪೂರ್ತಿ ಚಾರ್ಜ್ ಕಾಣದ ಲೆಡ್-ಆಸಿಡ್ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಎಷ್ಟೇ ಬಿಸಿಲು ಬಂದರೂ ಅದು ಸುಲಭಕ್ಕೆ ಕರಗುವುದಿಲ್ಲ.

ಮೊದಲು ಲೆಕ್ಕ ಹಾಕಿ. 9 ವಾಟ್‌ನ ನಾಲ್ಕು ಎಲ್‌ಇಡಿ ಬಲ್ಬು ಐದು ಗಂಟೆ ಉರಿದರೆ 180 ವಾಟ್-ಅವರ್. ಕಡಿಮೆ ಕರೆಂಟ್ ಎಳೆಯುವ 28 ವಾಟ್‌ನ ಬಿಎಲ್‌ಡಿಸಿ ಫ್ಯಾನ್ ಎಂಟು ಗಂಟೆ ತಿರುಗಿದರೆ 224. ಮೊಬೈಲ್, ರೇಡಿಯೊ ಸೇರಿ ದಿನಕ್ಕೆ ಸುಮಾರು 450. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್, ಅಂದರೆ ಕೊಳವೆ ಪ್ಲೇಟಿನ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವಾಟ್-ಅವರ್ ಇದೆ. ಬಾಳಿಕೆ ಬರಬೇಕಾದರೆ ಅದರ ಅರ್ಧವನ್ನಷ್ಟೇ ಬಳಸಬೇಕು. ಅಲ್ಲಿಗೆ ಬಿಸಿಲಿಲ್ಲದ ಎರಡು ದಿನ ತಳ್ಳಬಹುದು. ಇದಕ್ಕೆ 330 ವಾಟ್‌ನ ಒಂದು ಪ್ಯಾನೆಲ್ ಸಾಕು. ಇಸ್ತ್ರಿಪೆಟ್ಟಿಗೆಯ ಆಸೆ ಬಿಡಿ.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ, ಓರೆ ಸುಮಾರು 15 ಡಿಗ್ರಿ ಇರಲಿ. ಜಾಗ ಗೊತ್ತು ಮಾಡುವಾಗ ಮೇ ತಿಂಗಳ ನೆರಳನ್ನು ನೋಡಿ ಮೋಸ ಹೋಗಬೇಡಿ. ಆಗ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ ವಾಲಿದಾಗ ಆ ಕಡೆಯ ಅಡಿಕೆ ಮರಗಳ ನೆರಳು ಉದ್ದವಾಗುತ್ತದೆ. ಒಂದು ಸೋಗೆಯ ನೆರಳು ಬಿದ್ದರೂ ಪ್ಯಾನೆಲ್‌ನ ಮೂರನೇ ಒಂದು ಭಾಗ ಕೆಲಸ ನಿಲ್ಲಿಸಬಹುದು.

ಪ್ಯಾನೆಲ್ ಮತ್ತು ಬ್ಯಾಟರಿಯ ನಡುವೆ ನಿಂತು ಚಾರ್ಜ್ ನಿಯಂತ್ರಿಸುವ ಕಂಟ್ರೋಲರ್ ಕೊಳ್ಳುವಾಗ ಜಿಪುಣತನ ಬೇಡ. 72 ಸೆಲ್‌ಗಳ 330 ವಾಟ್ ಪ್ಯಾನೆಲ್ ಸುಮಾರು 37 ವೋಲ್ಟ್‌ನಲ್ಲಿ 9 ಆಂಪಿಯರ್ ಕೊಡುತ್ತದೆ. ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಆ 9 ಆಂಪಿಯರನ್ನಷ್ಟೇ ಬ್ಯಾಟರಿಗೆ ದಾಟಿಸುತ್ತದೆ, ಉಳಿದ ವೋಲ್ಟೇಜ್ ದಂಡ. ಹೆಚ್ಚಿನ ವೋಲ್ಟೇಜನ್ನು ಆಂಪಿಯರ್ ಆಗಿ ಬದಲಿಸುವ ಎಂಪಿಪಿಟಿ ಕಂಟ್ರೋಲರ್ ಅದೇ ಬಿಸಿಲಿನಿಂದ 20 ಆಂಪಿಯರ್ ಮೀರಿ ಕೊಡಬಲ್ಲದು. ಪ್ಯಾನೆಲ್‌ಗೆ ಏನೂ ಜೋಡಿಸದಿದ್ದಾಗ ಅದರ ವೋಲ್ಟೇಜ್ 46ರ ಹತ್ತಿರ ಇರುವುದರಿಂದ 75 ಅಥವಾ 100 ವೋಲ್ಟ್ ತಡೆಯುವ ಕಂಟ್ರೋಲರನ್ನೇ ಕೇಳಿ ತನ್ನಿ. ಅದನ್ನು ಬ್ಯಾಟರಿಯ ಪಕ್ಕದಲ್ಲೇ ಗೋಡೆಗೆ ಕೂರಿಸಿ. ಉದ್ದದ ತಂತಿ ಪ್ಯಾನೆಲ್ ಕಡೆಗಿರಲಿ.

ಜೋಡಣೆಗೆ ಕ್ರಮವಿದೆ. ಬಳೆ, ಉಂಗುರ, ವಾಚು ತೆಗೆದಿಡಿ. ಬ್ಯಾಟರಿಯ ಪ್ಲಸ್ ತಂತಿಗೆ ಟರ್ಮಿನಲ್ ಹತ್ತಿರದಲ್ಲೇ ಫ್ಯೂಸ್ ಹಾಕಿ. ಮೊದಲು ಬ್ಯಾಟರಿಯನ್ನು ಕಂಟ್ರೋಲರ್‌ಗೆ ಕೊಡಿ, ನಂತರ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಚಾರ್ಜ್ ಮಿತಿ 14.4 ವೋಲ್ಟ್, ಫ್ಲೋಟ್ (ತುಂಬಿದ ಬ್ಯಾಟರಿಯನ್ನು ಹಾಗೇ ಹಿಡಿದಿಡುವ ವೋಲ್ಟೇಜ್) 13.6ರ ಆಸುಪಾಸು ಎಂಬುದು ಸಾಮಾನ್ಯ ಲೆಕ್ಕ. ಬ್ಯಾಟರಿಯ ಜೊತೆ ಬಂದ ಕಾಗದ ಬೇರೆ ಹೇಳಿದರೆ ಅದೇ ಅಂತಿಮ. ಬ್ಯಾಟರಿ ಇರುವ ಕೋಣೆಗೆ ಗಾಳಿ ಆಡಲಿ. ಚಾರ್ಜ್ ಆಗುವಾಗ ಹೊಮ್ಮುವ ಜಲಜನಕಕ್ಕೆ ಒಂದು ಕಿಡಿ ಸಾಕು.

ಇಷ್ಟು ಮಾಡಿ ಎಲ್ಲರೂ ಸುಮ್ಮನಾಗುತ್ತಾರೆ. ಕಂಟ್ರೋಲರ್‌ನಲ್ಲಿ ನಾಲ್ಕು ಗೆರೆ ಕಂಡರೆ ಬ್ಯಾಟರಿ ತುಂಬಿತೆಂದು ನಂಬುತ್ತಾರೆ. ಮಧ್ಯಾಹ್ನ ಕಾಣುವ 13.8 ವೋಲ್ಟ್ ಬ್ಯಾಟರಿಯದ್ದಲ್ಲ, ಪ್ಯಾನೆಲ್ ಒತ್ತುತ್ತಿರುವುದು. ನಿಜ ತಿಳಿಯಬೇಕಾದರೆ ಬೆಳಕು ಹರಿಯುವ ಮೊದಲು, ಎಲ್ಲ ಸ್ವಿಚ್ ಆರಿಸಿ ಒಂದು ಗಂಟೆ ಬಿಟ್ಟು, ಟರ್ಮಿನಲ್‌ಗೇ ಮಲ್ಟಿಮೀಟರ್ ಹಿಡಿಯಿರಿ. ಪೂರ್ತಿ ತುಂಬಿ ವಿಶ್ರಮಿಸಿದ ಟ್ಯೂಬ್ಯುಲರ್ ಬ್ಯಾಟರಿ 12.6ರ ಹತ್ತಿರ ತೋರಿಸುತ್ತದೆ, ಅರ್ಧಕ್ಕೆ ಇಳಿದದ್ದು 12.1ರ ಹತ್ತಿರ. ಮೇಲಿನ ಲೆಕ್ಕದ ಮನೆಯಲ್ಲಿ ಮುಂಜಾನೆ 12.3 ಅಥವಾ 12.4 ಇದ್ದರೆ ಚಿಂತೆಯಿಲ್ಲ. ಅದು ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಗಳಿಕೆಗಿಂತ ಖರ್ಚು ಹೆಚ್ಚಾಗಿದೆ. ಸಂಜೆಯೊಳಗೆ ಕಂಟ್ರೋಲರ್ ಫ್ಲೋಟ್‌ಗೆ ಬಂತೇ ಎಂಬುದನ್ನೂ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ತಿಂಗಳಿಗೊಮ್ಮೆ ಆಸಿಡ್ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೆಗೆಯಿರಿ. ಕನ್ನಡಕ, ಕೈಗವಸು ಇರಲಿ. ರಬ್ಬರ್ ಬುರುಡೆ ಒತ್ತಿ ಸೆಲ್‌ನಿಂದ ಆಸಿಡ್ ಎಳೆದು, ಒಳಗಿನ ತೇಲುಗಡ್ಡಿ ಗಾಜಿಗೆ ಅಂಟದಂತೆ ಮೆಲ್ಲಗೆ ತಟ್ಟಿ, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ. ಪೂರ್ತಿ ಚಾರ್ಜ್‌ನಲ್ಲಿ 1.240 ಆಸುಪಾಸು ಬರಬೇಕು. ಆರೂ ಸೆಲ್ ಹೆಚ್ಚುಕಡಿಮೆ ಒಂದೇ ಇದ್ದರೆ ಸರಿ. ಐದು 1.240 ಇದ್ದು ಒಂದು 1.200 ಇದ್ದರೆ ಆ ಸೆಲ್ ಸೋಲುತ್ತಿದೆ. ಇದನ್ನು ಯಾವ ಡಿಸ್‌ಪ್ಲೇಯೂ ಹೇಳುವುದಿಲ್ಲ.

ನೀರು ತುಂಬುವುದು ಪೂರ್ತಿ ಚಾರ್ಜ್ ಆದ ಮೇಲೆ, ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿಯ ನೀರು ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಲವಣವಿದೆ.

ಜುಲೈ ಬಂತೆಂದರೆ ವಾರಗಟ್ಟಲೆ ಫ್ಲೋಟ್ ಕಾಣದಿರಬಹುದು. ಪುಣ್ಯಕ್ಕೆ ಆ ಚಳಿಯಲ್ಲಿ ಫ್ಯಾನ್ ಯಾರಿಗೂ ಬೇಡ, ಅರ್ಧ ಖರ್ಚು ಅಲ್ಲೇ ಉಳಿಯುತ್ತದೆ. ಅದೂ ಸಾಲದಿದ್ದರೆ ಜನರೇಟರ್‌ಗೆ 15 ಆಂಪಿಯರ್ ಚಾರ್ಜರ್ ಸಿಕ್ಕಿಸಿ ಒಮ್ಮೆ ಪೂರ್ತಿ ತುಂಬಿಸಿ. ಹೊಸ ಬ್ಯಾಟರಿಗಿಂತ ಪೆಟ್ರೋಲ್ ಅಗ್ಗ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದವರಿಗೆ ಈ ಅಳತೆಗಳು ನಡೆಯುವುದಿಲ್ಲ. ಅದು ಬಹುಪಾಲು ಖಾಲಿಯಾಗುವವರೆಗೂ 13 ವೋಲ್ಟ್‌ನ ಸುತ್ತಮುತ್ತಲೇ ನಿಲ್ಲುತ್ತದೆ, ಹಾಗಾಗಿ ಹೋದ ಬಂದ ಆಂಪಿಯರ್ ಎಣಿಸುವ ಶಂಟ್ ಮೀಟರನ್ನು ಮೈನಸ್ ತಂತಿಗೆ ಹಾಕಿಸಬೇಕು. ಬದಲಾಯಿಸಿದ ದಿನವೇ ಕಂಟ್ರೋಲರನ್ನು ಲಿಥಿಯಂ ಸೆಟ್ಟಿಂಗ್‌ಗೆ ತಿರುಗಿಸಿ, ಈಕ್ವಲೈಸ್ (ಬೇಕೆಂದೇ ಹೆಚ್ಚು ವೋಲ್ಟೇಜ್ ಕೊಟ್ಟು ಚಾರ್ಜ್ ಮಾಡುವ) ಆಯ್ಕೆಯನ್ನು ಬಂದ್ ಮಾಡಿಬಿಡಿ.